ಮಾಸ್ತರರ ಬಿಸಿಲ ನೀರು

ಮಾಸ್ತರರು ತೀರಿಕೊಂಡು ಹದಿನೈದು ದಿನಗಳಾದ ಮೇಲೆ ಸುದ್ದಿ ನನಗೆ ಮುಟ್ಟಿತು. ಅದೂ ಯಾರೋ ಕಾಗದ ಬರೆದು ತಿಳಿಸಿದ್ದಲ್ಲ. ನಮ್ಮ ಗಡಹಿಂಗ್ಲಜದ ಶಾಲೆಯ ಇಬ್ಬರು ತರುಣ ಶಿಕ್ಷಕರು ನನ್ನ ಫೋಟೋ ಸ್ಟುಡಿಯೋಕ್ಕೆ ಬಂದು, "ಇಲ್ಲಿಂದ ಹೋದ ಮ್ಯಾಲೆ ಕೊಲ್ಲಾಪುರದಾಗಿದ್ದ ಮಾಸ್ತರು ಹೋಗಿಬಿಟ್ಟರಂತ್ರಿ. ಶಾಲೀ ಗ್ವಾಡಿಗೆ ಒಂದು ದೊಡ್ಡ ಫೋಟೋ ಹಾಕಬೇಕಂತೇವಿ. ನಿಮ್ಮ ಹತ್ರ ಇದ್ದ ಇರತೈತಿ" ಎಂದರು. ಇಲ್ಲ ಎಂದೆ. ಅವರು ನಂಬಲಿಲ್ಲ. ಹತ್ತು ವರ್ಷ ಶಾಲೆ ಬಿಟ್ಟ ಕೂಡಲೇ ಬಂದು ನನ್ನ ಅಂಗಡಿಯ ಬಾಕಿನ ಮೇಲೆ ಕೂಡುತ್ತಿದ್ದ ಮನುಷ್ಯನ ಒಂದು ಫೋಟೋ ಫೋಟೋದವನ ಬಳಿಯೇ ಇಲ್ಲವೆಂದರೆ ನಾನಾದರೂ ನಂಬುತ್ತಿರಲಿಲ್ಲ. ಇದ್ದದ್ದು ಒಂದೇ ಒಂದು ನೆಗೆಟಿವ್. ಅದನ್ನು ಮಾಸ್ತರರೇ ಕೂತು ತೊಳೆಸಿಹಾಕಿದ್ದರು. ಅದೆಲ್ಲ ಹೇಳಲು ಹೋದರೆ ಆ ಹುಡುಗರ ಚಹಾ ಆರಿಹೋಗುತ್ತಿತ್ತು. ಅವರನ್ನು ಕಳಿಸಿ ಇದನ್ನು ಬರೆಯುತ್ತ ಕೂತಿದ್ದೇನೆ.

ಎತ್ತರದ ಆಳು. ಬಾಗಿಲೊಳಗೆ ಬರುವಾಗ ತಲೆ ತಗ್ಗಿಸುವ ರೂಢಿ ಬಿದ್ದು, ಬಯಲಲ್ಲಿ ನಡೆಯುವಾಗಲೂ ತಗ್ಗಿಸಿಯೇ ನಡೆಯುತ್ತಿದ್ದರು. ಕರಿ ಟೊಪ್ಪಿಗೆ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು. ಕೋಟಿನ ಎಡಜೇಬಿನಲ್ಲಿ ಮೂರು ಮಡಿಕೆ ಮಾಡಿದ ದಪ್ಪ ಬಿಳಿ ಬಟ್ಟೆ. ಅವರು ಜೈನರು, ಎಲ್ಲಿಗೆ ಹೋದರೂ ನೀರನ್ನು ಆ ಬಟ್ಟೆಯಲ್ಲಿ ಸೋಸಿಯೇ ಕುಡಿಯುವರು. ಸೋಸಿದರೆ ಮುಗಿಯಿತೆಂದಲ್ಲ. ಬಟ್ಟೆಯ ಮೇಲೆ ನಿಂತ ಕಣ್ಣಿಗೆ ಕಾಣದ ಜೀವಗಳನ್ನು, ಬಟ್ಟೆ ತಿರುವಿ ಹಾಕಿ, ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಮೆಲ್ಲಗೆ ಬಿಡಬೇಕು. ಬೇರೆ ನೀರಿಗೆ ಬಿಟ್ಟರೆ ಅವು ಸಾಯುತ್ತವೆ ಎಂಬುದು ಅವರ ಮನೆತನದ ನಂಬಿಕೆ. ನಾನು ಚೇಷ್ಟೆ ಮಾಡುತ್ತಿದ್ದೆ. "ಮಾಸ್ತರ, ಒಂದು ತಂಬಗಿ ನೀರು ಕುಡಿಯಾಕ ನಿಮಗ ಅರ್ಧ ತಾಸು ಬೇಕಲ್ರಿ." ಅವರು ಸಿಟ್ಟಾಗುತ್ತಿರಲಿಲ್ಲ. "ಕುಡಿಯಾಕ ಅರ್ಧ ನಿಮಿಷ ಸಾಕು. ಉಳಿದದ್ದು ಸಾಲ ತೀರಸೂದು" ಎನ್ನುವರು.

ಇನ್ನೊಂದು ಅಭ್ಯಾಸವಿತ್ತು. ಬಿಸಿಲಲ್ಲಿದ್ದ ಯಾವ ವಸ್ತು ಕಂಡರೂ ಕೈಯ ಹಿಂಬದಿ ಊರಿ ಅದರ ಕಾವು ನೋಡುವುದು. ಕಟ್ಟೆಯ ಕಲ್ಲು, ಬಾಗಿಲ ಚಿಲಕ, ಸರ್ವಿಸ್ ಮೋಟಾರು ಬಸ್ಸಿನ ಮುಂಬದಿ, ಯಾವುದೂ ಬಿಡುವಂತಿಲ್ಲ. ಒಮ್ಮೆ ನನ್ನ ಕ್ಯಾಮೆರಾದ ಕರಿ ಅರಿವೆಯ ಮೇಲೆ ಕೈಯಿಟ್ಟು, "ಫೋಟೋದವರ, ಇದರಾಗ ತಲಿ ಹೊಗಿಸ್ಕೊಂಡು ಹೆಂಗ ಬದುಕೀರಿ?" ಎಂದು ಕೇಳಿದ್ದರು. ಶಾಲೆಯಲ್ಲಿ ಹುಡುಗರನ್ನು ಹೊಡೆಯುತ್ತಿರಲಿಲ್ಲ. ತಪ್ಪು ಮಾಡಿದವನಿಗೆ ಕೈಯಲ್ಲಿ ಉಷ್ಣಮಾಪಕ ಕೊಟ್ಟು ಅಂಗಳದಲ್ಲಿ ನಿಲ್ಲಿಸುವರು. ಐದೈದು ನಿಮಿಷಕ್ಕೆ ಪಾದರಸ ಎಲ್ಲಿಗೆ ಏರಿತೆಂದು ಬರೆಯಬೇಕು. ಹುಡುಗರು ಅವರಿಗೆ ಬಿಸಿಲ ಮಾಸ್ತರ ಎಂದು ಹೆಸರಿಟ್ಟಿದ್ದರು.

ಇಚಲಕರಂಜಿಯಂಥ ಊರು ಬಿಟ್ಟು ನಮ್ಮಲ್ಲಿಗೆ ಯಾಕೆ ಬಂದರೆಂದು ಯಾರಿಗೂ ಅರ್ಥವಾಗಿರಲಿಲ್ಲ. ಅಲ್ಲಿ ಮಗ್ಗಗಳು ಬಂದು ಊರು ಬೆಳೆಯುತ್ತಿತ್ತು, ಶಾಲೆ ದೊಡ್ಡದು, ಪ್ರಯೋಗಶಾಲೆಯಿತ್ತು. ಇಲ್ಲಿ ವಿಜ್ಞಾನವೆಂದರೆ ಒಂದು ಕಪಾಟು, ಅದರ ಕೀಲಿ ಹೆಡ್‌ಮಾಸ್ತರರ ಮನೆಯಲ್ಲಿ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ, ಅದಕ್ಕೇ ಎಲ್ಲಿದ್ದರೇನು ಎಂದು ಬಂದಿರಬೇಕು ಅಂದುಕೊಂಡೆವು.

ನಮ್ಮ ಗುರುತಾದದ್ದು ಒಬ್ಬ ಮುದುಕನ ಫೋಟೋದಿಂದ. ಅಂಗಡಿಯ ಮುಂದೆ ತೂಗುಹಾಕಿದ್ದ ಆ ಫೋಟೋವನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, "ಅಜ್ಜಗ ತೊನ್ನು ಐತೇನ್ರಿ?" ಎಂದರು. ತೊನ್ನಲ್ಲ, ನಮ್ಮ ಬಾವಿಯ ನೀರಿನಲ್ಲಿ ಫೋಟೋದ ಗಾಜಿನ ಪ್ಲೇಟು ತೊಳೆದರೆ ಒಣಗಿದ ಮೇಲೆ ಹಾಗೆ ಬಿಳಿ ಕಲೆಗಳು ಏಳುತ್ತವೆ, ಒಳ್ಳೆಯ ಕೆಲಸಕ್ಕೆ ಕೊಲ್ಲಾಪುರದ ಔಷಧಿ ಅಂಗಡಿಯಿಂದ ಬಟ್ಟಿ ಇಳಿಸಿದ ನೀರಿನ ಬಾಟಲಿ ತರಬೇಕು ಎಂದೆ. ನಾಲ್ಕು ದಿನ ಬಿಟ್ಟು ಅವರು ಒಂದು ಬಾಟಲಿ ತಂದಿಟ್ಟರು. ಅದರಲ್ಲಿ ತೊಳೆದ ಪ್ಲೇಟಿನ ಮೇಲೆ ಸಾಸಿವೆಯಷ್ಟೂ ಕಲೆ ಇರಲಿಲ್ಲ. ಯಾವ ಅಂಗಡಿಯದೆಂದು ಕೇಳಿದೆ. ಮೇಲೆ ಕೈ ತೋರಿಸಿದರು. ಮನೆಯ ಮಾಳಿಗೆಯ ಮೇಲೆ, ಡಾಂಬರು ಬಳಿದ ತಗಡಿನ ತಗ್ಗು ತಟ್ಟೆಯಲ್ಲಿ ಬಾವಿಯ ನೀರು ತುಂಬಿ, ಮೇಲೆ ಗಾಜನ್ನು ಓರೆಯಾಗಿ ಮುಚ್ಚಿದ್ದರಂತೆ. ಬಿಸಿಲಿಗೆ ನೀರು ಆವಿಯಾಗಿ ಗಾಜಿನ ಒಳಮೈಗೆ ಹನಿಗಟ್ಟಿ, ಇಳಿಜಾರಿನಲ್ಲಿ ಜಾರಿ, ಸೀಳಿದ ಬಿದಿರಿನ ದೋಣಿಗೆ ಬಂದು ಬಾಟಲಿಗೆ ಬೀಳುತ್ತಿತ್ತು. ಉಪ್ಪು, ಸುಣ್ಣ, ಎಲ್ಲ ಕೆಳಗೆ ತಟ್ಟೆಯಲ್ಲೇ ಉಳಿಯುತ್ತಿತ್ತು.

"ಫೋಟೋ ತೊಳಿಯಾಕ ಇದನ್ನ ಮಾಡೀರೇನ್ರಿ?" ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಅವರ ತಂಗಿಯ ವಿಷಯ ನನಗೆ ತಿಳಿದದ್ದು ಅಂದೇ. ತಂದೆ ಮೊದಲೇ ಹೋಗಿದ್ದರಿಂದ ತಂಗಿ ಅಕ್ಕವ್ವನ ಮದುವೆ ಮಾಡಿದವರು ಇವರು. ಗಡಹಿಂಗ್ಲಜದಿಂದ ಪೂರ್ವಕ್ಕೆ ಗಾಡಿಯಲ್ಲಿ ಅರ್ಧ ದಿನದ ಹಾದಿಯ ಒಂದು ವಾಡಿಗೆ, ಸಣ್ಣ ಹಳ್ಳಿಗೆ, ಕೊಟ್ಟಿದ್ದರು. ನಾಲ್ಕು ಜೈನ ಒಕ್ಕಲು ಮನೆ, ಹತ್ತು ಕುರುಬರ ಮನೆ. "ಹುಡುಗನ್ನ ನೋಡಿದೆ. ಹೊಲಾ ನೋಡಿದೆ, ಕರೀ ಎರಿ, ಬಂಗಾರದಂಥಾ ಹೊಲಾ. ಬ್ಯಾಸಗಿ ದಿನಾ, ಉಪ್ಪು ಹಾಕಿದ ಮಜ್ಜಗಿ ಕೊಟ್ಟರು. ಕುಡದು, ತಾಂಬೂಲ ತಗೊಂಡು ಬಂದೆ. ನೀರು ಕುಡದು ನೋಡಲಿಲ್ಲ" ಎಂದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಮದುವೆಯಾದ ನಾಲ್ಕನೆಯ ದಿನ ಅಕ್ಕವ್ವ ಕೊಡ ಹೊತ್ತು ಬಾವಿಗೆ ಹೋದಳು. ಬಾವಿಯ ನೀರು ಬಾಯಿಗಿಡಲು ಬಾರದಷ್ಟು ಉಪ್ಪು. ಕುರಿಗಳು ಕುಡಿಯುತ್ತಿದ್ದವು, ಎತ್ತುಗಳು ಮೂಸಿ ನೋಡಿ ಮುಖ ತಿರುವುತ್ತಿದ್ದವು. ಸಿಹಿನೀರು ಬೇಕೆಂದರೆ ಎರಡು ಹರದಾರಿ ದೂರದ ಹಳ್ಳಕ್ಕೆ ಹೋಗಬೇಕು, ಬೇಸಗೆಯಲ್ಲಿ ಅಲ್ಲೂ ಒರತೆ ತೋಡಿ ಕಾಯಬೇಕು. ಹಾಗೆ ಕೊಡ ಹೊತ್ತು ಹೊತ್ತು ಅವಳಿಗೆ ಎರಡು ಸಲ ಬಸಿರು ಇಳಿದುಹೋಯಿತು. ಮೂರನೆಯದು ನಿಲ್ಲಲೇ ಇಲ್ಲ. ಆಮೇಲೆ ಗಂಡನೂ ಹೋದ. ತವರಿಗೆ ಬಾ ಎಂದರೆ ಬರಲಿಲ್ಲ. ಹಣೆಯ ಬರಹ ಇದ್ದಲ್ಲೇ ತೀರಲಿ ಎಂದಳು. ಅವಳು ಬರದಿದ್ದಾಗ ಇವರು ಇಚಲಕರಂಜಿ ಬಿಟ್ಟು ಹತ್ತಿರ ಬಂದರು.

ಗಾಜಿನ ತಟ್ಟೆಗಳನ್ನು ವಾಡಿಯಲ್ಲಿ ಹಾಕುವ ದಿನ ನಾನೂ ಹೋಗಿದ್ದೆ. ಸಾಗವಾನಿ ಹಲಗೆಯ ಹನ್ನೆರಡು ಪೆಟ್ಟಿಗೆಗಳು, ಕೊಲ್ಲಾಪುರದಿಂದ ಹುಲ್ಲಿನಲ್ಲಿ ಸುತ್ತಿ ತಂದ ಗಾಜುಗಳು. ಬಾವಿಯ ಪಕ್ಕದ ಬಯಲಲ್ಲಿ ಎಲ್ಲಕ್ಕೂ ದಕ್ಷಿಣಕ್ಕೆ ಮುಖ ಮಾಡಿ ಜೋಡಿಸಿದರು. ಊರೆಲ್ಲ ಸುತ್ತ ನಿಂತಿತ್ತು. ಮರುದಿನ ಮಧ್ಯಾಹ್ನ ಮೊದಲ ತಂಬಿಗೆ ತುಂಬಿದಾಗ ಕುಡಿಯಲು ಮುಂದೆ ಬಂದವನು ಮಾಳಪ್ಪ. ವಾಡಿಯ ಕುರುಬರಲ್ಲಿ ಹಿರಿಯ, ಇನ್ನೂರು ಕುರಿಯ ಒಡೆಯ. ಬಾಯಲ್ಲಿ ಹಾಕಿಕೊಂಡು, ಅತ್ತಿತ್ತ ಹೊರಳಿಸಿ, ನುಂಗಿ, ತಂಬಿಗೆಯೊಳಗೆ ಇಣುಕಿ ನೋಡಿದ.

"ಹೆಂಗೈತಿ ಮಾಳಪ್ಪಾ?"

"ಇದು ನೀರಲ್ರಿ ಮಾಸ್ತರ. ನೀರಿನ ಹೆಣಾ. ರುಚೀನ ಇಲ್ಲ."

ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹದಿನೈದು ದಿನಗಳಲ್ಲಿ ಹೆಣದ ರುಚಿ ಎಲ್ಲರಿಗೂ ರೂಢಿಯಾಯಿತು. ಹದಿನಾಲ್ಕು ಮನೆಗೆ ಹೊಟ್ಟೆ ತುಂಬ ಸಾಕಾಗುವಷ್ಟಲ್ಲ. ಆದರೆ ಮಕ್ಕಳಿಗೆ, ಬಸುರಿಯರಿಗೆ, ಮುದುಕರಿಗೆ ಸಾಕಾಗುತ್ತಿತ್ತು. ಹಳ್ಳದ ಹಾದಿ ದಿನಾ ತುಳಿಯುತ್ತಿದ್ದ ಹೆಂಗಸರು ಎರಡು ದಿನಕ್ಕೊಮ್ಮೆ ತುಳಿಯತೊಡಗಿದರು. ತಟ್ಟೆ ತುಂಬುವುದು, ಗಾಜು ಒರೆಸುವುದು, ಮನೆಮನೆಗೆ ಅಳೆದು ಕೊಡುವುದು ಅಕ್ಕವ್ವನ ಕೆಲಸವಾಯಿತು. ಗಂಡ ಮಕ್ಕಳಿಲ್ಲದ ಹೆಂಗಸನ್ನು ಅಲ್ಲಿಯವರೆಗೆ ಯಾರೂ ಶುಭಕ್ಕೆ ಕರೆಯುತ್ತಿರಲಿಲ್ಲ. ಈಗ ಬೆಳಿಗ್ಗೆ ಎದ್ದು ಮೊದಲು ಅವಳ ಬಾಗಿಲಿಗೇ ಬರಬೇಕು. ಅವಳ ಮುಖ ತುಂಬಿಕೊಂಡದ್ದನ್ನು ನಾನು ಕಂಡಿದ್ದೇನೆ.

ತಟ್ಟೆಯ ತಳದಲ್ಲಿ ಉಳಿಯುವ ಗಟ್ಟಿ ಉಪ್ಪುನೀರನ್ನು ಏನು ಮಾಡುವುದು ಎಂದು ಅವಳು ಮೊದಲ ವಾರವೇ ಅಣ್ಣನನ್ನು ಕೇಳಿದಳು. "ಹೊಲದಾಗ ಚೆಲ್ಲಿದರ ಇರಿವಿ, ಎರಿಹುಳಾ ಎಲ್ಲಾ ಸಾಯ್ತಾವಣ್ಣಾ. ಹುಲ್ಲು ಸುಟ್ಟು ಹೋಗತೈತಿ. ಎಲ್ಲಿಂದ ತಗದೇವೋ ಅಲ್ಲೇ ಬಿಡಲೇನು?" ನಾನು ಪಕ್ಕದಲ್ಲೇ ಇದ್ದೆ. ಮಾಸ್ತರರ ಮುಖದಲ್ಲಿ ಎಂಥ ಸಂತೋಷ ಕಂಡಿತೆಂದರೆ, ಅಷ್ಟು ವರ್ಷ ಪಾಠ ಹೇಳಿ ಒಬ್ಬ ವಿದ್ಯಾರ್ಥಿಯಾದರೂ ತಾನಾಗಿ ಸರಿಯಾದ ಉತ್ತರ ಹೇಳಿದ ಹಾಗೆ. "ಹೌದವ್ವಾ, ಹಂಗ ಮಾಡು. ನಮ್ಮ ಅವ್ವ ಇದ್ದರೂ ಇದನ್ನ ಹೇಳತಿದ್ದಳು" ಎಂದರು. ಅಕ್ಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡವನ್ನು ಹಗ್ಗದಲ್ಲಿ ಬಾವಿಯ ನೀರಿನ ಮಟ್ಟದವರೆಗೂ ಇಳಿಸಿ, ಸಪ್ಪಳವಾಗದಂತೆ ಓರೆ ಮಾಡಿ ಖಾಲಿ ಮಾಡಿದಳು. ಮೇಲಿನಿಂದ ಸುರಿದರೆ ಬಾವಿಯ ಜೀವಗಳಿಗೆ ಪೆಟ್ಟಾಗುತ್ತದೆಂದು. ಇಳಿಬಿಸಿಲು ಅವಳ ಬೆನ್ನ ಮೇಲಿತ್ತು. ನಾನು ಕ್ಯಾಮೆರಾ ಹೂಡಿ ಒಂದು ಪ್ಲೇಟು ತೆಗೆದೆ. ನನ್ನ ಆಯುಷ್ಯದಲ್ಲಿ ತೆಗೆದ ಒಳ್ಳೆಯ ಚಿತ್ರಗಳಲ್ಲಿ ಅದೊಂದು ಎಂದು ಆಗ ಜಂಬವಿತ್ತು. ವಿಜ್ಞಾನ ಕಲಿಸುವವರು ಒಬ್ಬರು, ರಸಾಯನದಲ್ಲಿ ಕೈ ಅದ್ದಿ ಹೊಟ್ಟೆ ಹೊರೆಯುವವನು ಒಬ್ಬ, ಇಬ್ಬರೂ ಎದುರಿಗೇ ನಿಂತಿದ್ದೆವು. ನೋಡಿ ಮೆಚ್ಚಿದೆವು.

ಯುದ್ಧ ಸುರುವಾಯಿತು. ಪರದೇಶದ ಗಾಜು ಬರುವುದು ನಿಂತಿತು. ವಾಡಿಯಲ್ಲಿ ಆಲಿಕಲ್ಲು ಬಿದ್ದು ಐದು ತಟ್ಟೆಯ ಗಾಜು ಪುಡಿಯಾದಾಗ ಮಾಸ್ತರರು ಕೊಲ್ಲಾಪುರದ ಪೇಟೆಯೆಲ್ಲ ಸುತ್ತಿ ಬರಿಗೈಯಲ್ಲಿ ಬಂದರು. ಬಾಕಿನ ಮೇಲೆ ಕೂತವರ ಕಣ್ಣು ನನ್ನ ಕಪಾಟಿನ ಮೇಲೆ ಬಿತ್ತು. ಅದರಲ್ಲಿ ಇಪ್ಪತ್ತು ವರ್ಷದ ಗಾಜಿನ ನೆಗೆಟಿವ್‌ಗಳಿದ್ದವು. ಮದುವೆಗಳು, ಶಾಲೆಯ ಗುಂಪುಗಳು, ಸತ್ತವರನ್ನು ಕುರ್ಚಿಯಲ್ಲಿ ಕೂಡಿಸಿ ತೆಗೆದವು. ಅವರು ಕೇಳಲಿಲ್ಲ. ನಾನೇ ಎಂದೆ, "ತಗೋರಿ." ಈಗ ನೆನೆದರೆ ನನಗೇ ಆಶ್ಚರ್ಯ. ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಹಾಕಿದರೆ ಚಿತ್ರದ ಪೊರೆ ಸಡಿಲಾಗಿ ಜಾರಿ ಬರುತ್ತದೆ. ಮೊದಲನೆಯದು ನನ್ನದೇ ಇರಲಿ ಎಂದು ಮಾಸ್ತರರು ತಮ್ಮ ಪ್ಲೇಟನ್ನೇ ಹುಡುಕಿಸಿ ಬಕೇಟಿಗೆ ಹಾಕಿಸಿದರು. ಪೊರೆಯನ್ನು ಬೆರಳಿಂದ ತೆಗೆಯುತ್ತ, "ಇದನ್ನ ಎದರಿಂದ ಮಾಡತಾರ್ರಿ?" ಎಂದು ಕೇಳಿದರು. ದನದ ಎಲುಬಿನ ಅಂಟು ಎಂದೆ. ಗಕ್ಕನೆ ಕೈ ಹಿಂದಕ್ಕೆಳೆದುಕೊಂಡು ಮೂರು ಸಲ ತೊಳೆದುಕೊಂಡರು. ಉಳಿದ ಇನ್ನೂರು ಪ್ಲೇಟು ನಾನೊಬ್ಬನೇ ತಿಕ್ಕಿದೆ. ಬಕೇಟಿನ ನೀರಿನಲ್ಲಿ ಊರಿನ ಮುಖಗಳು ತೇಲುತ್ತಿದ್ದವು. ಅಕ್ಕವ್ವ ಬಾವಿಗೆ ಬಾಗಿದ ಚಿತ್ರವೂ ಹೋಯಿತು. ಸಣ್ಣ ಗಾಜುಗಳನ್ನು ಡಾಂಬರಿನಲ್ಲಿ ಜೋಡಿಸಿ ತಟ್ಟೆಗಳಿಗೆ ಮುಚ್ಚಿದೆವು. ನೀರು ಮತ್ತೆ ಇಳಿಯಿತು.

ಹೀಗೆ ಆರು ಬೇಸಗೆ ಕಳೆದವು. ಏಳನೆಯ ಬೇಸಗೆ ಕೆಟ್ಟದಿತ್ತು. ಹಿಂದಿನ ಎರಡು ವರ್ಷ ಮಳೆ ಸರಿಯಾಗಿ ಬಿದ್ದಿರಲಿಲ್ಲ, ಬಾವಿಯಲ್ಲಿ ಟೊಂಕದ ಮಟ್ಟಕ್ಕೆ ಮಾತ್ರ ನೀರು. ಮಾಳಪ್ಪನ ಕುರಿಗಳು ನೀರಿನ ದೋಣಿಗೆ ಬಂದು ಕುಡಿಯದೆ ನಿಲ್ಲತೊಡಗಿದವು. ತಾಳಲಾರದೆ ಕುಡಿದವು ಉಚ್ಚಿಕೊಂಡು ಬಿದ್ದವು. ಮರಿಗಳು ಮೊದಲು, ಆಮೇಲೆ ಗಬ್ಬದ ಕುರಿಗಳು. ಭಾನುವಾರ ನಾವು ವಾಡಿಗೆ ಹೋದಾಗ ಬಾವಿಯ ಹತ್ತಿರ ಜನ ಸೇರಿತ್ತು. ಮಾಳಪ್ಪ ಮಾಸ್ತರರನ್ನು ಕಂಡವನೇ ಎದ್ದು ನಿಂತ.

"ಮಾಸ್ತರ, ನಿಮ್ಮ ಗಾಜು ನಮ್ಮ ಬಾವೀನ ಕೊಂದೈತಿ."

"ಹಂಗಂದ್ರೇನೋ?"

"ಬಾವ್ಯಾಗಿನ ಸಿಹಿ ಎಲ್ಲಾ ತಗದು ಗಾಜಿಗೆ ಏರಿಸೀರಿ. ಉಪ್ಪು ಎಲ್ಲಾ ನಮ್ಮ ಕುರಿಗೆ ಉಳಿಸೀರಿ."

ಮಾಸ್ತರರು ಆ ದಿನ ಮಾಡಿದ್ದನ್ನು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಅವರು ಸೌಮ್ಯ ಸ್ವಭಾವದವರು, ಆದರೆ ತಿಳಿದವನ ಸೊಕ್ಕು ಅವರಲ್ಲೂ ಇತ್ತು. ಒಂದು ಚರಿಗೆ ನೀರು ತರಿಸಿದರು. ಎಲ್ಲರೆದುರು ಮಾಳಪ್ಪನನ್ನು ಶಾಲೆಯ ಹುಡುಗನಂತೆ ನಿಲ್ಲಿಸಿ, ನೀರಿನಲ್ಲಿ ಸಿಹಿ ಎಂಬುದೊಂದು ಬೇರೆ ವಸ್ತು ಇರುವುದಿಲ್ಲ, ತೆಗೆಯಲು ಬರುವುದಿಲ್ಲ ಎಂದು ಪ್ರಶ್ನೆ ಕೇಳಿ ಉತ್ತರ ಹೇಳಿಸಿದರು. "ನಾನು ಬಾವಿಗೆ ಒಂದು ಹರಳು ಉಪ್ಪು ಹಾಕೇನೇನು? ನೋಡೀಯೇನು? ಹಂಗಾದರ ಉಪ್ಪು ಎಲ್ಲಿಂದ ಬರತೈತಿ, ಹೇಳು?" ಮಾಳಪ್ಪನಿಗೆ ಹೇಳಲು ಬರಲಿಲ್ಲ. ಯಾರೋ ನಕ್ಕರು. ಇನ್ಯಾರೋ, "ಕುರಿ ಕಾದು ಕಾದು ಬುದ್ಧಿನೂ ಕುರೀದ ಆಗೈತಿ" ಎಂದರು. ಮಾಳಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಊರಿಗೆ ತಿರುಗಿ ಬಂದು ಗಾಡಿಯಿಂದ ಇಳಿದ ಮಾಸ್ತರರು ಮನೆಗೆ ಹೋಗದೆ ನನ್ನ ಅಂಗಡಿಗೇ ಬಂದರು. ಬರುವಾಗ ಬಾವಿಯ ನೀರು ಒಂದು ಬಾಟಲಿ ತುಂಬಿ ತಂದಿದ್ದರು. ಮೊದಲ ವರ್ಷ ಅದೇ ಬಾವಿಯಿಂದ ತುಂಬಿ, ಬಿರಡೆಗೆ ಮೇಣ ಹಾಕಿ ನನ್ನ ಕತ್ತಲೆ ಕೋಣೆಯಲ್ಲಿ ಇಟ್ಟಿದ್ದ ಇನ್ನೊಂದು ಬಾಟಲಿಯಿತ್ತು. ಎರಡರಿಂದಲೂ ಒಂದೊಂದು ಅಳತೆ ನೀರು ತೆಗೆದು, ಪಿಂಗಾಣಿ ಬಟ್ಟಲಿನಲ್ಲಿ ದೀಪದ ಮೇಲಿಟ್ಟು ಪೂರ್ತಿ ಆರಿಸಿ, ಉಳಿದ ಉಪ್ಪನ್ನು ನನ್ನ ಔಷಧ ತೂಗುವ ತಕ್ಕಡಿಯಲ್ಲಿ ತೂಗಿದರು. ಒಮ್ಮೆ ತೂಗಿ, ತಕ್ಕಡಿಯ ಪರಡಿ ಅದಲು ಬದಲು ಮಾಡಿ ಮತ್ತೆ ತೂಗಿದರು. ಹೊಸ ನೀರಿನ ಉಪ್ಪು ಹಳೆಯದರ ಎರಡು ಪಟ್ಟಿಗೆ ಹತ್ತಿರವಿತ್ತು.

"ಎಲ್ಲಿಂದ ಬಂತ್ರಿ ಇಷ್ಟು ಉಪ್ಪು?" ಎಂದೆ.

"ಎಲ್ಲಿಂದೂ ಬಂದಿಲ್ಲ. ಹೋಗಬೇಕಾದದ್ದು ಹೋಗಿಲ್ಲ."

ನನಗೆ ಆಗಲೂ ತಿಳಿಯಲಿಲ್ಲ. ಅವರು ಕೈಯಿಂದ ಕೊಡ ಓರೆ ಮಾಡುವಂತೆ ಮಾಡಿ ತೋರಿಸಿದರು. ಆಗ ತಿಳಿಯಿತು. ದಿನವೂ ಬಾವಿಯಿಂದ ನೀರು ಹೊರಗೆ ಹೋಗಿದೆ, ಅದರ ಉಪ್ಪು ಮಾತ್ರ ಸಂಜೆಗೆ ತಿರುಗಿ ಬಾವಿಗೆ ಬಂದಿದೆ. ಆರು ವರ್ಷ. ಸಪ್ಪಳವಾಗದಂತೆ, ಒಂದು ಜೀವಕ್ಕೂ ನೋವಾಗದಂತೆ. ಮಾಳಪ್ಪ ಹೇಳಿದ್ದು ಅಕ್ಷರಶಃ ಖರೆ ಇತ್ತು. ಸಿಹಿ ಗಾಜಿಗೆ ಏರಿತ್ತು, ಉಪ್ಪು ಕುರಿಗೆ ಉಳಿದಿತ್ತು.

ನನ್ನ ಬುದ್ಧಿ ಅಂಗಡಿಕಾರನ ಬುದ್ಧಿ. "ಆದದ್ದು ಆತು. ನಾಳಿಂದ ಬ್ಯಾರೆ ಕಡೆ ಚೆಲ್ಲಂತ ಅಕ್ಕವ್ವಗ ಹೇಳ್ರಿ. ಯಾಕಂತ ಹೇಳೂದು ಬ್ಯಾಡ" ಎಂದೆ. ಮಾಸ್ತರರು ತಲೆ ಅಲ್ಲಾಡಿಸಿದರು. "ಹತ್ತು ಮಂದಿ ಮುಂದ ಅವನ ಬಾಯಿ ಮುಚ್ಚಿಸಿ ಬಂದೇನಿ. ಆ ಹತ್ತು ಮಂದಿ ಮುಂದನ ಹೇಳಬೇಕು."

ಹೇಳಿದರು. ಮರುದಿನವೇ ಶಾಲೆಗೆ ರಜೆ ಹಾಕಿ, ನನ್ನನ್ನೂ ಕರೆದುಕೊಂಡು ಹೋಗಿ, ಬಾವಿಯ ಕಟ್ಟೆಯ ಮೇಲೆ ಟೊಪ್ಪಿಗೆ ತೆಗೆದು ನಿಂತು ಹೇಳಿದರು. ಮಾಳಪ್ಪನ ಮಾತು ಖರೆ, ನನ್ನ ಮಾತು ಸುಳ್ಳು. ಉಪ್ಪುನೀರು ಬಾವಿಗೆ ಬಿಡು ಅಂದವನು ನಾನು, ಕುರಿ ಕೊಂದವನು ನಾನು. ಇಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತೇನೋ. "ಇದರಾಗ ಅಕ್ಕವ್ವನ ತಪ್ಪು ಏನೇನೂ ಇಲ್ಲ" ಎಂದುಬಿಟ್ಟರು. ಆ ಮಾತು ಬಿದ್ದದ್ದೇ ತಡ, ಎಲ್ಲರ ಮುಖ ಅಕ್ಕವ್ವನತ್ತ ತಿರುಗಿತು. ಅವಳು ಗಾಜು ಒರೆಸುವ ಅರಿವೆ ಹಿಡಿದು ತಟ್ಟೆಗಳ ನಡುವೆ ನಿಂತಿದ್ದಳು. ಹೆಜ್ಜೆ ಇಡುವಾಗ ಇರುವೆ ನೋಡಿ ಇಡುವ ಹೆಂಗಸು. ಮಾಳಪ್ಪನತ್ತ ತಿರುಗಿ ಕೇಳಿದಳು:

"ಮಾಳಪ್ಪಾ, ಎಷ್ಟು ಸತ್ತೂ?"

"ಬಿಡ್ರಿ ಅಕ್ಕಾ. ಯಾರು ಎಣಿಸ್ಯಾರ."

ಕುರುಬ ತನ್ನ ಕುರಿ ಎಣಿಸದೆ ಇರುತ್ತಾನೆಯೇ? ಒಂದೊಂದರ ಮುಖ ಅವನಿಗೆ ಗೊತ್ತು. ಅವಳಿಗೂ ಅದು ಗೊತ್ತಿತ್ತು. ಅರಿವೆಯನ್ನು ಮಡಿಚಿ ತಟ್ಟೆಯ ಅಂಚಿಗಿಟ್ಟು ಒಳಗೆ ಹೋದಳು.

ಗಾಡಿಯವರೆಗೂ ಮಾಳಪ್ಪ ನಮ್ಮ ಜೊತೆ ನಡೆದು ಬಂದ. ಬೈಯುತ್ತಾನೆಂದು ನಾನು ಕಾದೆ. ನೊಗಕ್ಕೆ ಕೈಯಿಟ್ಟು ನಿಂತು, "ಮಾಸ್ತರ, ಹೇಳಿದ್ದು ಚಲೋ ಆತು. ಖರೆ, ನನಗೊಬ್ಬಾಂವಗ ಹೇಳಬೇಕಿತ್ರಿ. ಆ ತಾಯಿ ಕಿವೀಗೆ ಯಾಕ ಹಾಕಿದ್ರಿ?" ಎಂದ. ಮಾಸ್ತರರು ಗಾಡಿ ಹತ್ತಿದರು. ಅಲ್ಲಿಂದ ಮುಂದೆ ಅವರು ಬಿಸಿಲಲ್ಲಿ ಯಾವುದರ ಮೇಲೂ ಕೈಯಿಟ್ಟು ನೋಡಿದ್ದನ್ನು ನಾನು ಕಾಣೆ.

ಅಕ್ಕವ್ವ ವ್ರತ ಹಿಡಿದಳು. ಇನ್ನು ಬಿಸಿಲ ನೀರು ಮುಟ್ಟುವುದಿಲ್ಲ, ಹಳ್ಳದ ನೀರೂ ಬೇಡ. ಕುರಿಗಳು ಕುಡಿದ ಬಾವಿಯ ನೀರೇ ತನಗೂ. ಬಾವಿ ಮೊದಲಿನಂತಾಗಿ ಮಾಳಪ್ಪನ ಕುರಿ ಬಂದು ಕುಡಿದು ಹೋಗುವವರೆಗೆ. ಮಾಸ್ತರರು ಕಾಲು ಹಿಡಿಯುವುದೊಂದು ಬಾಕಿ. ವೈದ್ಯರನ್ನು ಕರೆದೊಯ್ದರು, ಉಪ್ಪು ಬಿಡದಿದ್ದರೆ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದರು. "ಅಣ್ಣಾ, ನೀ ಕಲಿಸಿದ್ದ ನಾ ಮಾಡಾಕತ್ತೇನಿ" ಎಂದಳಂತೆ. ಮನೆಮನೆಗೆ ನೀರು ಅಳೆದು ಕೊಡುವುದನ್ನು ಮಾತ್ರ ಬಿಡಲಿಲ್ಲ. ಎಲ್ಲರಿಗೂ ಸಿಹಿನೀರು ಹಂಚಿ, ತಾನು ಮೂಗು ಹಿಡಿದು ಬಾವಿಯದನ್ನು ಕುಡಿಯುವಳು. ತಟ್ಟೆಯ ಉಪ್ಪುನೀರನ್ನು ಅರ್ಧ ಹರದಾರಿ ಆಚೆಯ ಬರಡು ಕಲ್ಲುಗುಂಡಿಗೆ ಹೊತ್ತು ಸುರಿಯುವ ಕೆಲಸವನ್ನು ಮಾಳಪ್ಪ ತಾನಾಗಿ ವಹಿಸಿಕೊಂಡ. ಉಳಿದ ಕುರಿಗಳನ್ನು ಅವನು ಸಂತೆಗೆ ಹೊಡೆದು ಮಾರಿಬಿಟ್ಟಿದ್ದ. ಮಳೆ ಬಂತು. ಬಾವಿ ತುಂಬಿತು. ಆದರೆ ಆರು ವರ್ಷದ ಉಪ್ಪು ಒಂದು ಮಳೆಗಾಲಕ್ಕೆ ಹೋಗುವಂಥದ್ದಲ್ಲ.

ವ್ರತ ಹಿಡಿದ ಎರಡನೆಯ ಬೇಸಗೆಯಲ್ಲಿ ಕರೆ ಬಂತು. ನಾವು ತಲುಪಿದಾಗ ಇನ್ನೂ ಹೊತ್ತಿತ್ತು, ಮೂರೂವರೆ ನಾಲ್ಕರ ಸುಮಾರು. ಅಕ್ಕವ್ವನ ಕಾಲು, ಮುಖ ಬಾತುಹೋಗಿದ್ದವು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ತುಟಿ ಒಡೆದು, ನೀರು ನೀರು ಎನ್ನುತ್ತಿದ್ದಳು. ತಲೆದೆಸೆಯಲ್ಲಿ ಬಾವಿಯ ನೀರಿನ ತಂಬಿಗೆಯಿತ್ತು. ಮಾಸ್ತರರು ಅದನ್ನು ನೋಡಿದರು. ಎದ್ದು ಹೊರಗೆ ಹೋಗಿ, ಬಿದಿರಿನ ದೋಣಿಯ ಕೆಳಗಿನ ಪಾತ್ರೆಯಿಂದ ಬಿಸಿಲ ನೀರನ್ನು ಒಂದು ಬಟ್ಟಲಿಗೆ ಬಗ್ಗಿಸಿಕೊಂಡು ಬಂದರು. ಹಿಡಿದ ವ್ರತ ಮುರಿಸುವುದು ಅವರಲ್ಲಿ ಎಂಥ ಪಾಪವೆಂದು ನನಗೆ ಗೊತ್ತಿತ್ತು.

ಅಕ್ಕವ್ವ ಬಟ್ಟಲನ್ನು ತುಟಿಯ ಹತ್ತಿರ ತಡೆದಳು. "ಬಾವೀದ ಹೌದಲ್ಲಣ್ಣಾ?"

"ಹೌದವ್ವಾ. ಬಾವೀದ."

ಒಂದು ಗುಟುಕು ಕುಡಿದಳು. ನಿಂತಳು. ಮತ್ತೆ ಕುಡಿದಳು. ಬಟ್ಟಲು ಬರಿದಾಗುವವರೆಗೂ ಕುಡಿದಳು.

"ಸಿಹಿ ಆಗೇತಿ" ಎಂದಳು.

"ಹೌದು, ಸಿಹಿ ಆಗೇತಿ."

"ಹಂಗಾದರ ಮಾಳಪ್ಪಗ ಹೇಳಣ್ಣಾ. ಕುರಿ ತರಾಕ ಹೇಳು."

ಮಾಸ್ತರರು ಬಾಗಿಲತ್ತ ನೋಡಿದರು. ಬಾಗಿಲಲ್ಲಿ ಕೂತಿದ್ದ ಮಾಳಪ್ಪ ಎದ್ದು ಒಳಗೆ ಬಂದ. ಹಾಸಿಗೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಅವಳ ಕಿವಿಗೆ ಕೇಳುವಂತೆ ದೊಡ್ಡ ದನಿಯಲ್ಲಿ ಹೇಳಿದ:

"ಇಲ್ಲೇ ಅದೇನ್ರಿ ಅಕ್ಕಾ. ಕುರಿ ಬಾವಿಗೆ ಹೊಡಕೊಂಡು ಬಂದೇನಿ. ಎಲ್ಲಾ ನೀರು ಕುಡಿಯಾಕತ್ತಾವು."

ಅಕ್ಕವ್ವ ಕಿವಿಗೊಟ್ಟು ಕೇಳುತ್ತ ಮಲಗಿದಳು. ಹೊರಗೆ ಬಾವಿಯ ಹತ್ತಿರ ಯಾರೂ ಇರಲಿಲ್ಲ. ಮಾಳಪ್ಪ ನಾಲಿಗೆಯಿಂದ ಚುಕ್ ಚುಕ್ ಎಂದು, ಕುರಿಗಳನ್ನು ನೀರಿಗೆ ಕರೆಯುವ ಸಪ್ಪಳ ಮಾಡತೊಡಗಿದ. ಅವಳ ಉಸಿರು ನಿಂತ ಮೇಲೂ ಸ್ವಲ್ಪ ಹೊತ್ತು ಮಾಡುತ್ತಲೇ ಇದ್ದ.